ಅಜ್ಜಿಯ ಕಂದಕಕ್ಕೆ ಹಾಸಿದ ಬಟ್ಟೆ

ಅಡಿಲೇಡ್‌ಗೆ ಬಂದು ಎರಡು ವರ್ಷವಾಯಿತು. ಈಗಲೂ ಇಲ್ಲಿನ ಶಾಪಿಂಗ್ ಸೆಂಟರಿನಲ್ಲಿ ಆಗತಾನೇ ಒರೆಸಿದ, ಹೊಳೆಯುವ ನೆಲ ಎದುರಾದರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಹಿಂದಿನಿಂದ ಬರುವವರು ಡಿಕ್ಕಿ ಹೊಡೆದು ಸಾರಿ ಅನ್ನುತ್ತಾರೆ, ನಾನೂ ಸಾರಿ ಅನ್ನುತ್ತೇನೆ. ನೆಲ ನೀರಲ್ಲ ಎಂದು ನನಗೇನು ಗೊತ್ತಿಲ್ಲವೇ? ಆದರೆ ಅದನ್ನು ನೀರೆಂದೇ ನಂಬಿದ್ದ ಒಬ್ಬ ಅಜ್ಜಿಯ ಜೊತೆ ನಾನು ಪರ್ತ್‌ನಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ. ಆ ಚಳಿಗಾಲದಲ್ಲಿ ನನ್ನಿಂದಾಗಿ ಅವರ ಪ್ರಾಣವೇ ಹೋಗುವುದರಲ್ಲಿತ್ತು.

ಆಗ ನಾನು ಸೋಷಿಯಲ್ ವರ್ಕ್ ಓದುತ್ತಿದ್ದೆ. ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ಒಂದು ಬಾಡಿಗೆ ಕೋಣೆ, ಸದರ್ನ್ ರಿವರ್‌ನ ಒಂದು ವೃದ್ಧಾಶ್ರಮದಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಕೇರರ್ ಕೆಲಸ. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಊಟಕ್ಕೆ ಕರೆದುಕೊಂಡು ಹೋಗುವುದು. ಊರಿಗೆ ಫೋನ್ ಮಾಡಿದಾಗ ‘ಆಸ್ಪತ್ರೆ ಥರ ಒಂದು ಕಡೆ’ ಎಂದು ತೇಲಿಸಿ ಹೇಳುತ್ತಿದ್ದೆ. ತೇಲಿಸಿ ಹೇಳುವುದರಲ್ಲಿ ನಾನು ಮೊದಲಿನಿಂದಲೂ ಪಳಗಿದವಳು.

ಅಲ್ಲಿ ನನಗಿಂತ ಹಿರಿಯ ಕೇರರ್ ಒಬ್ಬರಿದ್ದರು. ಮೈಸೂರಿನವರು, ಪರ್ತ್‌ಗೆ ಬಂದು ಹದಿನೈದು ವರ್ಷವಾಗಿತ್ತು. ಆಂಟಿ ಎಂದು ಕರೆಯುತ್ತಿದ್ದೆ. ನನಗಾಗಿ ಡಬ್ಬಿಯಲ್ಲಿ ಚಿತ್ರಾನ್ನ ತರುತ್ತಿದ್ದರು. ನಿಜಕ್ಕೂ ಒಳ್ಳೆಯವರು. ಆದರೆ ಮೊದಲ ವಾರವೇ ಟೀ ಕುಡಿಯುತ್ತಾ, “ಮಂಡ್ಯ ಕಡೆಯವಳು ಅಂದ್ಯಲ್ಲ, ಹಾಗಾದ್ರೆ ನೀವು ಗೌಡ್ರಾ?” ಎಂದು ಕೇಳಿಬಿಟ್ಟರು. ನಾನು ನಕ್ಕೆ. ಆ ನಗುವನ್ನು ಅವರು ಹೌದು ಎಂದುಕೊಂಡರು. ಅಲ್ಲ ಎಂದು ಹೇಳಲು ಒಂದು ನಿಮಿಷ ಸಾಕಿತ್ತು, ನಾನು ಹೇಳಲಿಲ್ಲ. ಆಮೇಲೆ ಅವರು ನಮ್ಮ ಮನೆಯ ವಿಷಯ ಎತ್ತಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ನಮ್ಮಪ್ಪ ಮಡಿವಾಳ. ಊರಿನ ಮದುವೆಗಳಲ್ಲಿ ನಡೆಮಡಿ ಹಾಸುವುದು ನಮ್ಮ ಮನೆಯ ಕೆಲಸ. ಗಂಡು ಹೆಣ್ಣು ಹಸೆಮಣೆಗೆ ಬರುವ ದಾರಿಯಲ್ಲಿ ಅವರ ಕಾಲು ಮಣ್ಣಿಗೆ ತಾಗದಂತೆ ಒಗೆದ ಬಟ್ಟೆ ಹಾಸಬೇಕು. ಬಟ್ಟೆ ಎರಡೇ. ಅವರು ಒಂದನ್ನು ದಾಟುವಷ್ಟರಲ್ಲಿ ಹಿಂದಿನದನ್ನು ಎತ್ತಿ ಮುಂದಕ್ಕೆ ಬೀಸಿ ಹಾಸಬೇಕು. ಅಪ್ಪ ಬಗ್ಗಿಕೊಂಡೇ ಹಿಂದು ಹಿಂದಕ್ಕೆ ನಡೆಯುತ್ತಾ, “ಬಲಗಾಲು ಮುಂದುಕ್ ಬರ್ಲಿ” ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ಒಂದು ತುದಿ ಹಿಡಿಯಲು ನಾನೂ ಹೋಗುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ, ನನ್ನ ಕ್ಲಾಸಿನವರು ನೋಡುತ್ತಾರೆಂದು ಅತ್ತು ರಂಪ ಮಾಡಿ ಬಿಟ್ಟೆ. ಇನ್ನು ಯಾರ ಕಾಲಿಗೂ ಬಟ್ಟೆ ಹಾಸುವುದಿಲ್ಲ ಎಂದು ಅಪ್ಪನ ಮುಖಕ್ಕೇ ಹೇಳಿದ್ದೆ. ಆ ಸಂಜೆ ಅಪ್ಪ ತಾನೊಬ್ಬನೇ ಬಟ್ಟೆ ಮಡಿಸುತ್ತಿದ್ದುದು ನೆನಪಿದೆ.

ವೃದ್ಧಾಶ್ರಮದ ಆ ಅಜ್ಜಿಗೆ ಎಂಬತ್ತೆಂಟು ವರ್ಷ. ಇಂಗ್ಲೆಂಡಿನಲ್ಲಿ ಹುಟ್ಟಿ, ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಬಂದವರು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲೇ ಇಲ್ಲ. ಎದುರಿಗೆ ಅವರನ್ನೂ ಆಂಟಿ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅಜ್ಜಿ. ಮರೆವಿನ ಕಾಯಿಲೆ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಆದರೂ ಕಾರಿಡಾರಿನ ತುದಿಯ ತಮ್ಮ ಕೋಣೆಯಿಂದ ಊಟದ ಹಾಲಿಗೆ ತಾವೇ ನಡೆದು ಬರುತ್ತಿದ್ದರು. ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು ಎಲ್ಲರನ್ನೂ ರೇಗಿಸುತ್ತಿದ್ದರು.

ಮೇ ತಿಂಗಳಲ್ಲಿ, ಅಲ್ಲಿನ ಚಳಿಗಾಲ ಶುರುವಾಗುವ ಹೊತ್ತಿಗೆ, ಕಾರಿಡಾರಿನ ಹಳೆಯ ಕಾರ್ಪೆಟ್ ಕಿತ್ತು, ಕಡುನೀಲಿಯ ಹೊಳೆಯುವ ವಿನೈಲ್ ಹಾಸಿದರು. ಒರೆಸಲು ಸುಲಭವೆಂದು ನಮಗೆಲ್ಲ ಖುಷಿಯಾಯಿತು. ಅಂದಿನಿಂದ ಅಜ್ಜಿ ಹೊಸ್ತಿಲು ದಾಟಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಕೆಳಗೆ ನೋಡುತ್ತಿದ್ದರು. “ನೀರು ಮೇಲೆ ಬಂದಿದೆ” ಎನ್ನುತ್ತಿದ್ದರು. ಒಂದು ದಿನ ನಾನೂ ಆಂಟಿಯೂ ಆಚೀಚೆ ತೋಳು ಹಿಡಿದು, ಏನೂ ಆಗುವುದಿಲ್ಲ ಬನ್ನಿ ಎಂದು ಒಂದು ಹೆಜ್ಜೆ ಎಳೆದೆವು. ಅಜ್ಜಿ ಕಿರುಚಿದರು. ಅಂಥ ಕಿರುಚಾಟವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುಳುಗುವವರ ಹಾಗೆ ನನ್ನ ಕುತ್ತಿಗೆ ತಬ್ಬಿಕೊಂಡರು, ಉಗುರು ನೆಟ್ಟು ರಕ್ತ ಬಂತು. ನಾವು ಬಿಟ್ಟುಬಿಟ್ಟೆವು.

ಊಟ ಕೋಣೆಗೇ ಹೋಗತೊಡಗಿತು. ಒಬ್ಬರೇ ಕುಳಿತರೆ ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ಮೂರು ವಾರದಲ್ಲಿ ಕೈ ಕಡ್ಡಿಯಾಯಿತು. ಹೀಗೇ ಆದರೆ ಆಚೆ ಕಟ್ಟಡದಲ್ಲಿರುವ, ಸದಾ ಬೀಗ ಹಾಕಿದ ವಿಭಾಗಕ್ಕೆ ಕಳಿಸಬೇಕಾಗುತ್ತದೆ ಎಂದು ನರ್ಸ್ ಹೇಳಿದರು. ಆ ವಿಭಾಗಕ್ಕೆ ಹೋದವರು ವಾಪಸ್ ಬಂದದ್ದನ್ನು ನಾನು ಕಂಡಿರಲಿಲ್ಲ.

ಅಜ್ಜಿಯ ಮಗಳು ಬ್ರಿಸ್ಬೇನ್‌ನ ಇಂಡೂರೂಪಿಲ್ಲಿಯಲ್ಲಿದ್ದರು. ಪ್ರತಿ ಶನಿವಾರ ವಿಡಿಯೋ ಕಾಲ್ ಮಾಡುತ್ತಿದ್ದರು, ಫೋನ್ ಹಿಡಿದುಕೊಳ್ಳುವುದು ನನ್ನ ಕೆಲಸ. ಒಂದು ಶನಿವಾರ ನಾನು ಈ ನೀರಿನ ಕತೆ ಹೇಳಿದೆ. “ಅದು ಅಮ್ಮ ಹುಟ್ಟಿ ಬೆಳೆದ ಮನೆ” ಎಂದರು ಅವರು. ಆಮೇಲೆ ಒಂದು ಫೋಟೋ ಕಳಿಸಿದರು.

ಮೇಲಿನಿಂದ ತೆಗೆದ ಫೋಟೋ. ಹೊಲಗಳ ನಡುವೆ ಹೆಂಚಿನ ಒಂದು ಹಳೆಯ ತೋಟದ ಮನೆ. ಅದರ ನಾಲ್ಕೂ ಸುತ್ತ ಚೌಕಟ್ಟು ಹಾಕಿದಂತೆ ಅಗಲವಾದ ಹಸಿರು ಪಟ್ಟಿ, ಒಂದೇ ಕಡೆ ಸಣ್ಣ ಸೇತುವೆ. ಎಂಥ ಚೆಂದದ ಹುಲ್ಲುಹಾಸು ಎಂದೆ ನಾನು. “ಹುಲ್ಲಲ್ಲ ಅದು, ಕಂದಕದ ನೀರು. ಮೇಲೆ ಪಾಚಿ ಕಟ್ಟಿದೆ” ಎಂದರು ಮಗಳು.

ಕಂದಕ ಎಂದರೆ ನನಗೆ ಶ್ರೀರಂಗಪಟ್ಟಣದ ಕೋಟೆ ಮಾತ್ರ ಗೊತ್ತು. ಒಬ್ಬ ರೈತ ತನ್ನ ಮನೆಗೆ ಕಂದಕ ತೋಡಿಸಿಕೊಂಡಿದ್ದಾನೆಂದರೆ ನಂಬುವುದು ಹೇಗೆ? ಇಂಗ್ಲೆಂಡಿನ ಪೂರ್ವದ ಹಳ್ಳಿಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆಯಂತೆ. ಏಳೆಂಟು ನೂರು ವರ್ಷಗಳ ಹಿಂದೆ ಸ್ವಲ್ಪ ಅನುಕೂಲವಾಗಿದ್ದ ರೈತರೆಲ್ಲ ತೋಡಿಸಿದರಂತೆ. ಅಲ್ಲಿನ ಜೇಡಿಮಣ್ಣಿನಲ್ಲಿ ತೋಡಿದ್ದೇ ತಡ ನೀರು ನಿಲ್ಲುತ್ತದೆ. ತೆಗೆದ ಮಣ್ಣಿನಿಂದ ಮನೆಯ ನೆಲ ಎತ್ತರವಾಗುತ್ತದೆ, ನೀರಿನಲ್ಲಿ ಮೀನು ಸಾಕಬಹುದು, ಕಳ್ಳರೂ ನರಿಯೂ ಒಳಗೆ ಬರುವುದಿಲ್ಲ. “ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದ ಜಮೀನಿನವನು ತೋಡಿಸಿದ್ದಾನೆ ಅಂತ ಇವನೂ ತೋಡಿಸಿದ” ಎಂದು ಮಗಳು ನಕ್ಕರು. ನಮ್ಮೂರಿನಲ್ಲಿ ಕಾಂಪೌಂಡ್ ಎತ್ತರಿಸಿದವರ ನೆನಪಾಗಿ ನಾನೂ ನಕ್ಕೆ.

ಆಮೇಲಿನದು ನಗುವ ವಿಷಯವಾಗಿರಲಿಲ್ಲ. ಅಜ್ಜಿ ಐದು ವರ್ಷದವರಿದ್ದಾಗ, ಅವರ ಕಣ್ಣೆದುರಿಗೇ ಮನೆಯ ನಾಯಿ ಆ ಹಸಿರಿನ ಮೇಲೆ ಓಡಲು ಹೋಗಿ ಒಳಗೆ ಹೋಯಿತಂತೆ. ಹಸಿರು ಮತ್ತೆ ಕೂಡಿಕೊಂಡಿತಂತೆ, ಅಲ್ಲೇನೂ ಆಗಿಯೇ ಇಲ್ಲವೆಂಬಂತೆ. ಅಂದಿನಿಂದ ಆ ಮನೆಯ ಮಕ್ಕಳಿಗೆ ಒಂದೇ ಪಾಠ: ಸೇತುವೆ ಇಲ್ಲದೆ ಕಾಲಿಡಬೇಡ. ಸ್ವಲ್ಪ ದೊಡ್ಡವರಾದ ಮೇಲೆ ಅಜ್ಜಿಗೆ ಒಂದು ಕೆಲಸವಿತ್ತು. ಕತ್ತಲಾಗುವ ಮೊದಲು ಸೇತುವೆ ದಾಟಿ ಹೋಗಿ, ಆಚೆ ಮೇಯುತ್ತಿದ್ದ ಕೋಳಿಗಳನ್ನು ಒಳಗೆ ಅಟ್ಟಿಕೊಂಡು ಬಂದು ಗೇಟು ಹಾಕುವುದು. ತಡವಾದರೆ ನರಿ ಬರುತ್ತದೆ.

ಮಧ್ಯಾಹ್ನ ನಾಲ್ಕಾದರೆ ಅಜ್ಜಿ ಏಕೆ ಹಾಗೆ ಚಡಪಡಿಸುತ್ತಾರೆ ಎಂದು ನನಗೆ ಆಗ ಅರ್ಥವಾಯಿತು. ಆ ಹೊತ್ತಿಗೆ ಸರಿಯಾಗಿ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. “ಕೋಳಿಗಳು ಇನ್ನೂ ಹೊರಗಿವೆ, ಹುಡುಗಿ. ಸೇತುವೆ ಎಲ್ಲಿ?” ಎಂದು ಕೇಳುತ್ತಿದ್ದರು. ಕಣ್ಣಿನಲ್ಲಿ ನಿಜವಾದ ಭಯವಿರುತ್ತಿತ್ತು. ಆಚೆ ಹೋಗದಿದ್ದರೆ ನರಿ, ಹೋದರೆ ನೀರು.

ಜುಲೈ ತಿಂಗಳ ಒಂದು ದಿನ ಅವರು ಹಾಗೆ ನಿಂತಿದ್ದಾಗ ನನ್ನ ಕೈಯಲ್ಲಿ ಎರಡು ದೊಡ್ಡ ಬಿಳಿ ಟವೆಲ್ ಇದ್ದವು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ನಾನು ಯೋಚಿಸಿ ಮಾಡಿದ್ದಲ್ಲ, ಕೈ ತಾನೇ ಮಾಡಿತು. ಒಂದು ಟವೆಲ್ಲನ್ನು ಬೀಸಿ ಹೊಸ್ತಿಲಿನ ಆಚೆ ಹಾಸಿ, ನಾಲ್ಕು ಮೂಲೆ ಎಳೆದೆ. ಇನ್ನೊಂದನ್ನು ಅದರ ಮುಂದೆ. “ಸೇತುವೆ ಬಂತು ಆಂಟಿ. ಬಲಗಾಲು ಮುಂದೆ” ಎಂದೆ.

ಅಜ್ಜಿ ಟವೆಲ್ ನೋಡಿದರು, ನನ್ನನ್ನು ನೋಡಿದರು. ಬಲಗಾಲಿಟ್ಟರು. ಅವರ ಕೈ ಹಿಡಿದು ನಾನು ಬಗ್ಗಿ ಹಿಂದು ಹಿಂದಕ್ಕೆ ಹೋದೆ, ಹಿಂದಿನದನ್ನು ಎತ್ತಿದೆ, ಮುಂದೆ ಹಾಸಿದೆ. ಮುಂದಿನ ಬಟ್ಟೆ ಬರುವವರೆಗೆ ಇದ್ದ ಬಟ್ಟೆಯಿಂದ ಇಳಿಯಬಾರದು ಎಂದು ಹೇಳಿಕೊಟ್ಟೆ. ಅವರು ಮದುವಣಗಿತ್ತಿಯಂತೆ ತಲೆಯೆತ್ತಿಕೊಂಡು ಬಂದರು. ಊಟದ ಹಾಲಿನ ಕಾರ್ಪೆಟ್ ಮುಟ್ಟಿದಾಗ ನನ್ನ ಬೆನ್ನು ಬೆವೆತಿತ್ತು. ಅಂದು ಅಜ್ಜಿ ಎರಡು ಬಟ್ಟಲು ಸೂಪ್ ಕುಡಿದರು. ನನಗೆ ಅಳು ಬಂತು, ಸಂತೋಷಕ್ಕೋ ಅಪ್ಪನ ನೆನಪಿಗೋ ಗೊತ್ತಾಗಲಿಲ್ಲ.

ಅಲ್ಲಿಗೆ ನಾನು ಮಾಡಬೇಕಾದದ್ದು ಒಂದೇ ಇತ್ತು. ಶಿಫ್ಟ್ ಮುಗಿಯುವಾಗ ಬರೆಯುವ ಟಿಪ್ಪಣಿಯಲ್ಲಿ, ಅಜ್ಜಿ ಬಟ್ಟೆ ಹಾಸಿದರೆ ದಾಟುತ್ತಾರೆ ಎಂದು ಬರೆಯಬೇಕಿತ್ತು. ಬರೆದರೆ ಆಂಟಿ ಓದುತ್ತಾರೆ. ಮೈಸೂರಿನವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀನು ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರೆ ಆ ಹಳೆಯ ನಗುವಿನಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ. ಹಾಗಾಗಿ ನಾನು ಬರೆಯಲಿಲ್ಲ. “ಹೆಂಗೇ ಕರ್ಕೊಂಡ್ ಬಂದ್ಬಿಟ್ಟೆ ಅವರನ್ನ?” ಎಂದು ಆಂಟಿ ಕೇಳಿದರೆ, “ಸುಮ್ನೆ ಕೈ ಹಿಡ್ಕೊಂಡ್ ಬಂದೆ ಆಂಟಿ” ಎಂದುಬಿಟ್ಟೆ.

ನನ್ನ ಶಿಫ್ಟ್ ಇದ್ದ ದಿನಗಳಲ್ಲಿ, ಉಳಿದವರು ಬೇರೆ ಕೋಣೆಗಳಲ್ಲಿರುವ ಹೊತ್ತು ನೋಡಿ, ಕಳ್ಳರ ಹಾಗೆ ಬಟ್ಟೆ ಹಾಸುತ್ತಿದ್ದೆ. ಉಳಿದ ದಿನ ಅಜ್ಜಿ ಮೊದಲಿನಂತೆ ಕೋಣೆಯಲ್ಲೇ. ದಿನ ಹೋದಂತೆ ಅವರೇ ಹಿಂದಿನ ಟವೆಲ್ ಎತ್ತಿ ಕೊಡತೊಡಗಿದರು. ಆಮೇಲೆ ಅವರೇ ಬೀಸಿ ಹಾಸುವುದನ್ನು ಕಲಿತರು, ಮೂಲೆ ಎಳೆಯುವುದನ್ನೂ ಕಲಿತರು. ನನಗೆ ಹೆಮ್ಮೆಯಾಗಿತ್ತು! ದಿನವೂ ಲಾಂಡ್ರಿ ಕೋಣೆಯಿಂದ ಟವೆಲ್ ತರಲು ಬೇಸರವಾಗಿ, ಅವೆರಡನ್ನೂ ಮಡಿಸಿ ಅವರ ಕುರ್ಚಿಯ ಮೇಲೆ ಬಿಟ್ಟು ಬರುತ್ತಿದ್ದೆ.

ಆಗಸ್ಟ್ ತಿಂಗಳು. ಮೂರು ದಿನ ಸುರಿದ ಮಳೆ ಅಂದು ನಿಂತಿತ್ತು. “ಈ ಆರ್ವೋ ಆ ಕಾರಿಡಾರ್ ನಿಂದು, ಓಕೆನಾ?” ಎಂದು ಆಂಟಿ ಇನ್ನೊಂದು ಕಡೆ ಹೋದರು; ಮಧ್ಯಾಹ್ನಕ್ಕೆ ಅಲ್ಲಿ ಆರ್ವೋ ಅನ್ನುತ್ತಾರೆ. ನಾನು ಬೇರೊಬ್ಬರಿಗೆ ಸ್ನಾನ ಮಾಡಿಸಿ, ಬಟ್ಟೆ ಹಾಕಿಸಿ, ಹೊರಗೆ ಬರುವಾಗ ನಾಲ್ಕು ದಾಟಿತ್ತು. ಅಜ್ಜಿಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಇಲ್ಲ, ಬಾತ್‌ರೂಮಿನಲ್ಲಿ ಇಲ್ಲ. ಕುರ್ಚಿಯ ಮೇಲೆ ಟವೆಲ್ ಇರಲಿಲ್ಲ.

ಬೇರೆ ಕೋಣೆಗಳ ಬಾಗಿಲಲ್ಲಿ, ಕಾಲಿಟ್ಟರೆ ಗಂಟೆ ಬಾರಿಸುವ ಚಾಪೆ ಇತ್ತು. ಅಜ್ಜಿಯ ಬಾಗಿಲಿಗೆ ಹಾಕಿರಲಿಲ್ಲ, ಅವರು ದಾಟುವುದೇ ಇಲ್ಲವಲ್ಲ. ಕಾರಿಡಾರಿನ ಅದೇ ತುದಿಯಲ್ಲಿ ಗಾರ್ಡನ್ನಿಗೆ ಹೋಗುವ ಬಾಗಿಲಿಗೆ ಹಗಲು ಬೀಗ ಹಾಕುತ್ತಿರಲಿಲ್ಲ, ಸುತ್ತ ಬೇಲಿ ಇತ್ತಲ್ಲ. ಓಡಿದೆ. ಬೇಲಿಯ ಗೇಟು ತೆರೆದಿತ್ತು. ಮರದ ಕೊಂಬೆ ಕಡಿಯಲು ಬಂದವರು ತಮ್ಮ ಗಾಡಿಗೆಂದು ತೆರೆದು, ಹಾಗೇ ಬಿಟ್ಟಿದ್ದರು. ಗೇಟಿನಾಚೆ ಬಡಾವಣೆಯ ಮಳೆನೀರೆಲ್ಲ ಬಂದು ಸೇರುವ ದೊಡ್ಡ ಹೊಂಡ. ತುಂಬಿತ್ತು. ಮೇಲೆಲ್ಲ ಪಾಚಿ ಕಟ್ಟಿ, ಆ ಫೋಟೋದಲ್ಲಿ ಕಂಡಂಥದ್ದೇ ಹಸಿರು.

ಅಜ್ಜಿ ಅದರ ಅಂಚಿನಲ್ಲಿ ನಿಂತಿದ್ದರು. ಇಳಿಜಾರಿನ ಹುಲ್ಲಿನ ಮೇಲೆ ಒಂದು ಟವೆಲ್, ಅದರ ಮೇಲೆ ಅವರು. ಇನ್ನೊಂದನ್ನು ಮುಂದಕ್ಕೆ, ಹಸಿರಿನ ಮೇಲೆ ಹಾಸಿದ್ದರು. ಕೈಗೆ ಸಿಕ್ಕ ಮೂಲೆಗಳನ್ನು ನೀಟಾಗಿ ಎಳೆದಿದ್ದರು. ಆಚೆ ತುದಿ ನೆನೆದು ಆಗಲೇ ಇಳಿಯುತ್ತಿತ್ತು.

ಆ ಹಸಿರು ನೆಲವಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಐದನೇ ವಯಸ್ಸಿನಿಂದ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬಟ್ಟೆ ಹಾಸಿದ್ದರು. ಎಂಬತ್ತಮೂರು ವರ್ಷ ಅವರನ್ನು ಕಾಪಾಡಿದ್ದ ಹೆದರಿಕೆಯನ್ನು ನಾನು ಎರಡು ಟವೆಲ್ಲಿನಿಂದ ಒರೆಸಿ ಹಾಕಿದ್ದೆ.

ಅವರ ಬಲಗಾಲು ಮೇಲೆದ್ದಿತ್ತು. ಕೂಗಿದರೆ ಬೆಚ್ಚಿ ಮುಂದಕ್ಕೆ ಬೀಳುತ್ತಾರೆ, ಓಡಿ ಹಿಡಿಯೋಣವೆಂದರೆ ಒದ್ದೆ ಹುಲ್ಲು, ಜಾರಿದರೆ ಇಬ್ಬರೂ ಒಳಗೆ. ನನಗೆ ಈಜು ಬರುವುದಿಲ್ಲ. ಸದ್ದಿಲ್ಲದೆ ಹತ್ತಿರ ಹೋಗಿ, ಹಾಕಿಕೊಂಡಿದ್ದ ಜಾಕೆಟ್ ಬಿಚ್ಚಿ ಅವರ ಹಿಂದೆ ಹಾಸಿದೆ. ಮೊಣಕಾಲೂರಿ ಕುಳಿತೆ.

“ಬಲಗಾಲು ಮುಂದುಕ್ ಬರ್ಲಿ” ಎಂದೆ. ಕನ್ನಡದಲ್ಲಿ, ಅಪ್ಪನ ಧಾಟಿಯಲ್ಲಿ. ಇಂಗ್ಲಿಷ್ ನೆನಪಿಗೇ ಬರಲಿಲ್ಲ.

ಎತ್ತಿದ ಕಾಲು ಅಲ್ಲೇ ನಿಂತಿತು. ಅಜ್ಜಿ ತಿರುಗಿ ನೋಡಿದರು.

“ಸೇತುವೆ ಈ ಕಡೆ ಇದೆ ಆಂಟಿ.” ಈಗ ಇಂಗ್ಲಿಷ್ ಬಂತು. “ಕೋಳಿಗಳೆಲ್ಲ ಒಳಗೆ ಬಂದಿವೆ.”

“ಎಲ್ಲವೂ?”

“ಎಲ್ಲವೂ. ನಾನೇ ಅಟ್ಟಿಕೊಂಡು ಬಂದೆ.”

ಅವರು ನಿಧಾನವಾಗಿ ಪೂರ್ತಿ ತಿರುಗಿ, ಜಾಕೆಟ್ಟಿನ ಮೇಲೆ ಬಲಗಾಲಿಟ್ಟರು. ನಾನು ಅವರ ಕೈ ಗಟ್ಟಿಯಾಗಿ ಹಿಡಿದೆ. ಹಿಂದಿನ ಟವೆಲ್ ಎತ್ತಿ ಮುಂದೆ ಹಾಸಿದೆ, ಜಾಕೆಟ್ ಎತ್ತಿ ಮುಂದೆ ಹಾಸಿದೆ. ಎಲ್ಲಿಯೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅಜ್ಜಿ ಮತ್ತೆ ಹಿಂದೆ ತಿರುಗುತ್ತಾರೇನೋ ಎಂಬ ಹೆದರಿಕೆ. ಗೇಟು ದಾಟಿ, ಗಾರ್ಡನ್ ದಾಟಿ ಬಾಗಿಲವರೆಗೂ ಮೊಣಕಾಲಿನಲ್ಲೇ ಬಂದೆ. ತಲೆಯೆತ್ತಿದಾಗ ಬಾಗಿಲಲ್ಲಿ ಆಂಟಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಹೊಂಡದಲ್ಲಿ ಆ ಇನ್ನೊಂದು ಟವೆಲ್ ಕಾಣಿಸುತ್ತಿರಲಿಲ್ಲ, ಹಸಿರು ಕೂಡಿಕೊಂಡಿತ್ತು.

ನರ್ಸ್ ಎದುರಿಗೆ ಎಲ್ಲ ಹೇಳಿದೆ. ನಾನೇ ಕಲಿಸಿದ್ದು, ನಾನೇ ಮುಚ್ಚಿಟ್ಟಿದ್ದು, ಟವೆಲ್ ಬಿಟ್ಟು ಹೋಗಿದ್ದೂ ನಾನೇ ಎಂದೆ. ಕೆಲಸ ಹೋಗುತ್ತದೆ, ಅದರ ಹಿಂದೆಯೇ ವೀಸಾ ಎಂದುಕೊಂಡಿದ್ದೆ. ಹೋಗಲಿಲ್ಲ, ಬರಹದಲ್ಲಿ ಎಚ್ಚರಿಕೆ ಕೊಟ್ಟರು. ಅಂದೇ ಅಜ್ಜಿಯ ಬಾಗಿಲಿಗೆ ಗಂಟೆಯ ಚಾಪೆ ಬಂತು, ಕೋಣೆಯಲ್ಲಿದ್ದ ಟವೆಲ್, ಬೆಡ್‌ಶೀಟು ಎಲ್ಲ ಬೀಗದ ಕಪಾಟಿಗೆ ಹೋದವು. ಯಾರೂ ನೆಲಕ್ಕೆ ಬಟ್ಟೆ ಹಾಸಕೂಡದು, ಜಾರಿ ಬೀಳುವ ಅಪಾಯ ಎಂದು ಗೋಡೆಗೆ ಚೀಟಿ ಅಂಟಿಸಿದರು. ಅವರು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಆಂಟಿ ನನ್ನನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ, ಮಂಡಿಯ ಕೆಸರು ತೊಳೆಯಲು ಬಿಸಿನೀರು ಕೊಟ್ಟರು. ಕೇಳಲಿ, ಇವತ್ತು ಹೇಳಿಬಿಡುತ್ತೇನೆ ಎಂದು ಎದೆ ಗಟ್ಟಿ ಮಾಡಿಕೊಂಡು ಕುಳಿತಿದ್ದೆ. ಅವರು ಕೇಳಲಿಲ್ಲ.

“ನನ್ ಮದುವೇಲೂ ಹಾಸಿದ್ರು ಕಣೇ” ಎಂದರು. “ಛತ್ರದ ಗೇಟಿಂದ ಮಂಟಪದವರೆಗೂ. ವಿಡಿಯೋದಲ್ಲಿ ನನ್ ಸೀರೆ ಬಾರ್ಡರ್ ಕಾಣುತ್ತೆ, ಆ ಬಟ್ಟೆನೂ ಕಾಣುತ್ತೆ. ಹಾಸಿದವರ ಮುಖ ನಾನು ನೋಡೇ ಇಲ್ಲ.”

ಮನೆಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದೆ. ಏನು ಕೆಲಸ ಮಾಡುತ್ತೇನೆ, ಯಾರಿಗೆ ಬಟ್ಟೆ ಹಾಸಿದೆ, ಏನಾಗುವುದರಲ್ಲಿತ್ತು ಎಂದು ಮೊದಲ ಸಲ ಎಲ್ಲವನ್ನೂ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ. ಅವನ ಮಗಳು ಮತ್ತೆ ಬಟ್ಟೆ ಹಾಸಿದಳು ಎಂಬುದಕ್ಕೆ ಖುಷಿಯಾಯಿತೋ ನೋವಾಯಿತೋ, ಅದನ್ನು ಅವನು ತೋರಿಸಲಿಲ್ಲ.

“ಮಡಿ ಆಸ್ದೋರೇ ಎತ್ಕಂಡ್ ಬರ್ಬೇಕು ಕಣವ್ವ” ಎಂದ. “ಮದ್ವೆ ಮನೇಲಿ ಬುಟ್ ಬರಬಾರ್ದು. ನಿಂಗ್ ಅದ್ನ ಏಳ್ಕೊಡೋವಷ್ಟ್ರಲ್ಲಿ ನೀನು ಬರಾದ್ ಬುಟ್ಬುಟ್ಟೆ.”

ಎರಡು ದಿನ ಬಿಟ್ಟು ನನ್ನ ಶಿಫ್ಟ್ ಇತ್ತು. ನಾಲ್ಕು ಗಂಟೆಗೆ ಅಜ್ಜಿ ಹೊಸ್ತಿಲಿಗೆ ಬಂದರು. ಹೊಂಡದ ನೆನಪು ಅವರಿಗಿರಲಿಲ್ಲ. ಕಡುನೀಲಿ ನೆಲ ಎದುರಿಗೆ ಹೊಳೆಯುತ್ತಿತ್ತು. “ಕೋಳಿಗಳು ಹೊರಗಿವೆ, ಹುಡುಗಿ” ಎಂದರು. ಕುರ್ಚಿಯ ಕಡೆ ತಿರುಗಿ ನೋಡಿದರು, ಅಲ್ಲಿ ಏನೂ ಇರಲಿಲ್ಲ. ನಾನಿದ್ದೇನಲ್ಲ ಎಂದು ಸಮಾಧಾನವಾಯಿತೇನೋ, ಮುಖ ಸಡಿಲವಾಯಿತು. ಚೌಕಟ್ಟು ಹಿಡಿದುಕೊಂಡು, ನಾನು ಕಲಿಸಿದ ಹಾಗೆಯೇ ಬಲಗಾಲು ಎತ್ತಿ, ನನ್ನ ಕೈಗಳನ್ನು ನೋಡುತ್ತಾ ನಿಂತರು. ಕೈ ಖಾಲಿ ಇಟ್ಟುಕೊಂಡು ನಾನೂ ನಿಂತೇ ಇದ್ದೆ.